ಟಿಕೆಟ್ ಅರ್ಧ ಬೆಲೆಗೆ ಸಿಗುತ್ತದೆ, ಬಸ್ಸು ಸಿಗುತ್ತದೆಯೇ?

ಇಗತ್‌ಪುರಿಯಿಂದ ಆಮಣೆವರೆಗಿನ ಕೊನೆಯ 76 ಕಿ.ಮೀ. 2025ರ ಜೂನ್ 5ರಂದು ಸಂಚಾರಕ್ಕೆ ತೆರೆಯುವುದರೊಂದಿಗೆ ಮುಂಬೈ-ನಾಗಪುರ ಸಮೃದ್ಧಿ ಮಹಾಮಾರ್ಗ ಪೂರ್ಣಗೊಂಡಿತು. ಒಟ್ಟು 701 ಕಿ.ಮೀ. ಉದ್ದದ ಈ ಆರು ಪಥಗಳ ರಸ್ತೆ ನಾಸಿಕ್ ಜಿಲ್ಲೆಯ ಇಗತ್‌ಪುರಿ, ಸಿನ್ನರ್ ಮತ್ತು ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೈಜಾಪುರ, ಗಂಗಾಪುರ ತಾಲೂಕುಗಳನ್ನು ಹಾದುಹೋಗುತ್ತದೆ. ಕೆಲಸದ ನಿಮಿತ್ತ ಈ ಎರಡು ನಗರಗಳ ನಡುವೆ ಓಡಾಡುವ ನನ್ನಂಥ ಸಾಫ್ಟ್‌ವೇರ್ ಎಂಜಿನಿಯರನಿಗೆ ಇದು ದೊಡ್ಡ ಅನುಕೂಲ.

ಆದರೆ ಅದೇ ಇಗತ್‌ಪುರಿ ತಾಲೂಕಿನ ಒಂದು ಆದಿವಾಸಿ ವಾಡಿಯಲ್ಲಿ 2023ರ ಜುಲೈನಲ್ಲಿ ಹೆರಿಗೆ ನೋವು ಕಾಣಿಸಿಕೊಂಡ ಮಹಿಳೆ ವಾಹನ ಸಿಗುವ ರಸ್ತೆಯವರೆಗೆ ಮಳೆಯಲ್ಲಿ ನಡೆದೇ ಬರಬೇಕಾಯಿತು. ಅವರು ಬದುಕಲಿಲ್ಲ. ಪಕ್ಕದ ತ್ರ್ಯಂಬಕೇಶ್ವರ ತಾಲೂಕಿನ ಶೇಂದ್ರಿಪಾಡಾದಲ್ಲಿ ಹೆಂಗಸರು ನೀರಿನ ಕೊಡ ಹೊತ್ತು ಮರದ ದಿಮ್ಮಿಯ ಮೇಲೆ ಹೊಳೆ ದಾಟುವ ಚಿತ್ರ ಸುದ್ದಿಯಾದ ಮೇಲೆ, 2022ರ ಜನವರಿಯಲ್ಲಿ ಕಬ್ಬಿಣದ ಸೇತುವೆ ಬಂತು. ಅದೇ ವರ್ಷ ಜುಲೈನ ಪ್ರವಾಹದಲ್ಲಿ ಅದು ಕೊಚ್ಚಿಹೋಯಿತು. ಹೆದ್ದಾರಿಗೂ ಈ ಊರುಗಳಿಗೂ ನಡುವಿನ ದೂರವನ್ನು ಕಿಲೋಮೀಟರ್‌ನಲ್ಲಿ ಅಳೆದರೆ ಅರ್ಥವಾಗುವುದಿಲ್ಲ.

ಇದು ರಾಜಕೀಯ ರೂಪ ಪಡೆದದ್ದು 2022ರ ಡಿಸೆಂಬರ್‌ನಲ್ಲಿ. ನಾಸಿಕ್ ಜಿಲ್ಲೆಯ ಸುರಗಾಣಾ ತಾಲೂಕಿನ ಗಡಿ ಗ್ರಾಮಗಳವರು ತಮ್ಮನ್ನು ಗುಜರಾತಿಗೆ ಸೇರಿಸಿಬಿಡಿ ಎಂದು ಬೇಡಿಕೆಯಿಟ್ಟರು. ರಸ್ತೆ, ಆಸ್ಪತ್ರೆ, ಕುಡಿಯುವ ನೀರು ಅವರ ತಕರಾರಿನ ಮೂಲ. ಗಡಿಯಾಚೆಯ ಊರುಗಳಲ್ಲಿ ಇರುವುದು ತಮ್ಮಲ್ಲಿ ಇಲ್ಲವೆಂಬುದು ಅವರ ವಾದ. ಅದಕ್ಕೆ ಕೆಲವೇ ದಿನ ಮೊದಲು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಗಳ ಬಗ್ಗೆ ಆಗಿನ ನಮ್ಮ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮಾತಾಡಿದ್ದು ಓದುಗರಿಗೆ ನೆನಪಿರಬಹುದು. ಜತ್ತದಲ್ಲಿ ಕನ್ನಡಿಗರು ಬಹಳ. ಆದರೂ ಅಲ್ಲಿನ ಹಳ್ಳಿಗಳು ಹಿಂದೆ ಕರ್ನಾಟಕ ಸೇರುವ ಮಾತೆತ್ತಿದ್ದು ಮುಖ್ಯವಾಗಿ ನೀರಿಗಾಗಿ. ಗಡಿ ಭಾಗದ ಅಸಮಾಧಾನವನ್ನೆಲ್ಲ ಭಾಷೆಯ ಲೆಕ್ಕಕ್ಕೇ ಬರೆಯುವ ನಮ್ಮ ರೂಢಿಯನ್ನು ಸುರಗಾಣಾ ಪ್ರಶ್ನಿಸುತ್ತದೆ.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಮಹಾರಾಷ್ಟ್ರದ ಎಸ್‌ಟಿ ಬಸ್ಸುಗಳಲ್ಲಿ 2022ರ ಆಗಸ್ಟ್‌ನಿಂದ 75 ದಾಟಿದವರಿಗೆ ಪ್ರಯಾಣ ಉಚಿತ. 2023ರ ಮಾರ್ಚ್ 17ರಿಂದ ಮಹಿಳೆಯರಿಗೆ ಅರ್ಧ ದರ. ಮಾನವ ವಿಕಾಸ ಕಾರ್ಯಕ್ರಮದಡಿ ಹಿಂದುಳಿದ 125 ತಾಲೂಕುಗಳಲ್ಲಿ ಶಾಲಾ ಬಾಲಕಿಯರಿಗೆಂದೇ ಬಸ್ಸುಗಳಿವೆ. ಎಸ್‌ಟಿ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು 2021ರ ಅಕ್ಟೋಬರ್ ಕೊನೆಯಿಂದ 2022ರ ಏಪ್ರಿಲ್‌ವರೆಗೆ ನಡೆದ ನೌಕರರ ಮುಷ್ಕರ ತೋರಿಸಿಕೊಟ್ಟಿತು. ಕೋವಿಡ್ ನಂತರ ಶಾಲೆಗಳು ಆಗಷ್ಟೇ ತೆರೆದಿದ್ದವು. ಪಟ್ಟಣದವರು ಕಾರು, ರೈಲು ಹಿಡಿದರು. ಹಳ್ಳಿಯ ಮಕ್ಕಳಿಗೆ ಉಳಿದದ್ದು ಕಾಳಿ-ಪಿವಳಿ ಜೀಪು ಅಥವಾ ಕಾಲ್ನಡಿಗೆ.

ನನ್ನ ಆಕ್ಷೇಪ ಹಣ ಹರಿಯುವ ದಾರಿಯ ಕುರಿತು. ರಿಯಾಯಿತಿಯ ಹಣವನ್ನು ಸರ್ಕಾರ ನಿಗಮಕ್ಕೆ ಕಟ್ಟಿಕೊಡುವುದು ಹರಿದ ಟಿಕೆಟ್‌ಗಳ ಲೆಕ್ಕದಲ್ಲಿ. ಬಸ್ಸೇ ಹೋಗದ ಊರಲ್ಲಿ ಟಿಕೆಟ್ ಹರಿಯುವುದಿಲ್ಲ. ಹಾಗಾಗಿ ಆ ಊರಿಗೆ ಸಬ್ಸಿಡಿಯೂ ತಲುಪುವುದಿಲ್ಲ. ಬಸ್ಸು, ಚಾಲಕರ ಕೊರತೆಯಿರುವ ಡಿಪೊ ಮ್ಯಾನೇಜರ್ ಏನು ಮಾಡುತ್ತಾರೆ? ನಾಸಿಕ್-ಪುಣೆಯಂಥ ತುಂಬಿ ಓಡುವ ಮಾರ್ಗವನ್ನು ಉಳಿಸಿಕೊಂಡು, ಹನ್ನೆರಡು ಜನ ಹತ್ತುವ ಘಾಟಿನ ಊರಿನ ಟ್ರಿಪ್ ರದ್ದು ಮಾಡುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡಿಯಾರು. ನಮ್ಮ ವೃತ್ತಿಯಲ್ಲಿ ಒಂದು ಪಾಠವಿದೆ: ಸರಾಸರಿ ನೋಡಿ ವ್ಯವಸ್ಥೆ ಚೆನ್ನಾಗಿದೆ ಎನ್ನಬೇಡ, ಅತಿ ಕೆಟ್ಟ ಸೇವೆ ಪಡೆಯುತ್ತಿರುವವನನ್ನು ನೋಡು. ಒಟ್ಟು ಪ್ರಯಾಣಿಕರ ಸಂಖ್ಯೆ ಏರಿತೆಂಬ ಪ್ರಕಟಣೆಯಲ್ಲಿ ಆ ಹನ್ನೆರಡು ಜನ ಕಾಣುವುದಿಲ್ಲ.

ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳ ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲಿ ಫೆರ್ರಿಯನ್ನು ಜೀವನಾಡಿ ಸೇವೆಯೆಂದು ಪರಿಗಣಿಸಿ, ಯಾವ ದ್ವೀಪಕ್ಕೆ ಎಷ್ಟು ಬಾರಿ ಹೋಗಬೇಕೆಂದು ಒಪ್ಪಂದ ಮಾಡಿಕೊಂಡು ಸರ್ಕಾರ ಹಣ ಕೊಡುತ್ತದೆ. 2008ರಲ್ಲಿ ಪ್ರಯೋಗವಾಗಿ ಶುರುವಾದ ಪದ್ಧತಿಯಂತೆ, ಅಷ್ಟೇ ದೂರವನ್ನು ರಸ್ತೆಯಲ್ಲಿ ಕ್ರಮಿಸಿದರೆ ಆಗುವ ಖರ್ಚಿಗೆ ಹೊಂದಿಸಿ ಫೆರ್ರಿ ದರ ನಿಗದಿಯಾಗುತ್ತದೆ. ಅಲ್ಲೂ ಎಲ್ಲವೂ ಸುಸೂತ್ರವಲ್ಲ: 2015ರಲ್ಲಿ ಗುತ್ತಿಗೆ ಕೊಟ್ಟ ಗ್ಲೆನ್ ಸ್ಯಾನಕ್ಸ್ ಎಂಬ ಹಡಗು ಪ್ರಯಾಣಿಕರನ್ನು ಹೊತ್ತದ್ದು 2025ರ ಜನವರಿಯಲ್ಲಿ. ಆದರೆ ದ್ವೀಪದವರು ಸರ್ಕಾರವನ್ನು ತರಾಟೆಗೆ ತೆಗೆದುಕೊಳ್ಳಬಲ್ಲರು. ಕೊಟ್ಟ ಮಾತು ಕಾಗದದಲ್ಲಿದೆ. ಸುರಗಾಣಾದವರ ಕೈಯಲ್ಲಿ ಅಂಥ ಕಾಗದವಿಲ್ಲ.

ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನದೇ ಒಂದು ತಾಲೂಕಿದೆ. ಅದನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 52 ಮುಂದೆ ವಿಜಯಪುರ, ಹುಬ್ಬಳ್ಳಿ ದಾಟಿ ಅಂಕೋಲಾ ಸೇರುತ್ತದೆ. ರಸ್ತೆಯಂತೆ ಸಮಸ್ಯೆಯೂ ಗಡಿ ದಾಟುತ್ತದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ನಮ್ಮ ‘ಶಕ್ತಿ’ ಯೋಜನೆ ಲಕ್ಷಾಂತರ ಹೆಣ್ಣುಮಕ್ಕಳನ್ನು ಮನೆಯ ಹೊಸ್ತಿಲು ದಾಟಿಸಿದೆ. ಅದರ ಲಾಭ ನಿಜ. ಆದರೆ ಅದೂ ಟಿಕೆಟ್ ಲೆಕ್ಕದ ಯೋಜನೆಯೇ. ಮಳೆಗಾಲದಲ್ಲಿ ರೋಗಿಗಳನ್ನು ಹೊತ್ತು ತರಬೇಕಾದ ಖಾನಾಪುರದ ಭೀಮಗಡ ಕಾಡಿನ ಹಳ್ಳಿಗಳಿಗೆ ಶೂನ್ಯ ದರದ ಟಿಕೆಟ್‌ನಿಂದ ಏನು ಪ್ರಯೋಜನ?

ಮೂರು ಕೆಲಸಗಳು ಎರಡೂ ರಾಜ್ಯಗಳ ಕೈಯಲ್ಲಿವೆ. ಮೊದಲನೆಯದು, ಪ್ರತಿ ಗ್ರಾಮ ಪಂಚಾಯಿತಿಗೆ ಕನಿಷ್ಠ ಸೇವೆ ಇಂತಿಷ್ಟು ಎಂದು ಘೋಷಿಸುವುದು: ಶಾಲೆ, ಆರೋಗ್ಯ ಕೇಂದ್ರದ ವೇಳೆಗೆ ಹೊಂದುವ ಬೆಳಗಿನ ಒಂದು ಬಸ್ಸು, ಸಂಜೆ ಮರಳಿ ಊರಲ್ಲೇ ತಂಗುವ ವಸ್ತಿ ಬಸ್ಸು. ಎರಡನೆಯದು, ಆ ಟ್ರಿಪ್‌ಗಳ ಹಣವನ್ನು ಹತ್ತಿದವರ ಲೆಕ್ಕದಲ್ಲಲ್ಲದೆ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ನಿಗಮಕ್ಕೆ ಕೊಡುವುದು. ಮೂರನೆಯದು, ರದ್ದಾದ ಟ್ರಿಪ್‌ಗಳ ಪಟ್ಟಿಯನ್ನು ಪ್ರತಿ ತಿಂಗಳು ಡಿಪೊವಾರು ಪ್ರಕಟಿಸುವುದು. ಟ್ರಿಪ್‌ಗಳ ದಾಖಲೆ ಡಿಪೊಗಳಲ್ಲೇ ಇರುತ್ತದೆ. ಅದನ್ನು ಹೊರಗಿಡಲು ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.

‘ಊರಿದ್ದಲ್ಲಿ ಎಸ್‌ಟಿ’ ಎಂಬುದು ಮಹಾರಾಷ್ಟ್ರ ನಿಗಮದ ಹಳೆಯ ಘೋಷಣೆ. 2025ರ ಜನವರಿಯಲ್ಲಿ ಎಸ್‌ಟಿ ದರ ಶೇ 14.95ರಷ್ಟು, ಕರ್ನಾಟಕದಲ್ಲಿ ಶೇ 15ರಷ್ಟು ಏರಿತು. ದರ ಏರಿಸುವಾಗ ದಶಾಂಶದವರೆಗೆ ಲೆಕ್ಕ ಹಾಕುವವರು, ದಿನಕ್ಕೊಂದು ಬಸ್ಸೂ ಕಾಣದ ಊರುಗಳೆಷ್ಟು ಎಂಬ ಲೆಕ್ಕವನ್ನೂ ಜನರ ಮುಂದಿಡಲಿ.