ಕಸಕ್ಕ ಕಡ್ಡಿ ಗೀರೋ ಮೊದಲು

ಈ ಸಲ ಬೆಳಿ ವಿಚಾರ ಬಿಟ್ಟು ಕಸದ ವಿಚಾರ ಬರೀತೀನಿ. ಇವಗೇನು ಬ್ಯಾರೆ ಕೆಲಸ ಇಲ್ಲೇನು ಅನಬ್ಯಾಡ್ರಿ. ಪೂರ್ತಿ ಓದ್ರಿ, ಆಮ್ಯಾಲೆ ಬೈರಿ.

ಮೊನ್ನೆ ಹಾನಗಲ್ಲಿಗೆ ಹೋದಾಗ ಚಾ ಅಂಗಡ್ಯಾಗ ಒಬ್ಬರು ಮೊಬೈಲಿನಾಗ ಒಂದು ವಿಡಿಯೋ ತೋರಿಸಿದರು. ಬೆಂಗಳೂರಿನ ಹತ್ತಿರ ಬಿಡದಿಯಾಗ ಕಸ ಸುಟ್ಟು ಕರೆಂಟ್ ತಗೀತಾರ. "ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ನಾಲ್ಕೂ ಊರಿನ ಕಸ ಒಂದು ಕಡೆ ಸುರುವಿ ಹಿಂಗ ಸುಟ್ಟುಬಿಟ್ರ ಕಸಾನೂ ಹೋತು, ಪಂಪಸೆಟ್ಟಿಗೆ ಕರೆಂಟೂ ಬಂತು" ಅಂದರು. ಕುಂತವರೆಲ್ಲ ಹೌದ್ಹೌದು ಅಂದರು. ಚಾ ಮುಗಿಯೋತನಕ ನಾನೂ ಹೌದು ಅಂತನ ತಿಳಕೊಂಡಿದ್ದೆ. ಮನಿಗೆ ಬಂದು ಲೆಕ್ಕ ಹಾಕಿದ ಮ್ಯಾಲೆ ಇದು ನಮಗ ಕೂಡಿಬರೋ ಬಾಬತ್ತಲ್ಲ ಅಂತ ಗೊತ್ತಾತು.

ಮೊದಲು ಲೆಕ್ಕ ನೋಡ್ರಿ. ಬಿಡದಿ ಘಟಕ 11.5 ಮೆಗಾವ್ಯಾಟಿಂದು. ಅದಕ್ಕ ದಿನಕ್ಕ 600 ಟನ್ ಕಸ ಬೇಕು. ನಮ್ಮಂಥ ಸಣ್ಣ ಪಟ್ಟಣದಾಗ ಒಬ್ಬ ಮನುಷ್ಯ ದಿನಕ್ಕ 300-400 ಗ್ರಾಂ ಕಸ ಮಾಡ್ತಾನ ಅಂತ ಹಿಡಿದರ ಒಂದು ಲಕ್ಷ ಜನಕ್ಕ 30-40 ಟನ್ ಆಗ್ತೈತಿ. 600 ಟನ್ ಕೂಡಬೇಕಂದ್ರ 15ರಿಂದ 20 ಲಕ್ಷ ಜನ ಬೇಕು. 2011ರ ಜನಗಣತಿಯಾಗ ಇಡೀ ಹಾವೇರಿ ಜಿಲ್ಲಾದ ಜನಸಂಖ್ಯೆನ ಸುಮಾರು 16 ಲಕ್ಷ. ಅಂದ್ರ ಅಂಥಾ ಒಲಿ ಇಲ್ಲಿ ಹಚ್ಚಿದರ, ಅದರ ಹೊಟ್ಟಿ ತುಂಬಸಾಕ ಹೊರಗಿನ ಕಸ ಲಾರಿಗಟ್ಟಲೆ ನಮ್ಮ ಹೊಲದ ದಾರಿ ಹಿಡೀಬೇಕಾಗ್ತೈತಿ. ಸಣ್ಣದು ಕಟ್ಟೋಣಂದ್ರ ಹೊಗೆ ಸೋಸೋ ಯಂತ್ರದ ಖರ್ಚು ಹೆಗಲಿಗೆ ಬರ್ತೈತಿ. ಅಂಥಾ ಒಲಿ ಒಮ್ಮೆ ಹಚ್ಚಿದರ ವರ್ಷಾನುಗಟ್ಟಲೆ ದಿನಾ ಉಣ್ಣಿಸಬೇಕು. ಆಮ್ಯಾಲೆ ಕಸ ಕಡಿಮಿ ಮಾಡ್ರಿ ಅಂತ ಯಾರು ಹೇಳ್ತಾರ? ಕಸ ಕಡಿಮಿ ಆದರ ಘಟಕಕ್ಕ ಲುಕ್ಸಾನು.

ಎರಡನೇದು, ನಮ್ಮ ಕಸ ಉರಿಯೋ ಕಸ ಅಲ್ಲ. ಅದರಾಗ ಅರ್ಧಕ್ಕಿಂತ ಹೆಚ್ಚು ಹಸಿದು: ಕಾಯಿಪಲ್ಲೆ ಸಿಪ್ಪಿ, ಉಳಿದ ಅನ್ನ, ಸಂತಿ ಬಜಾರದ ಕೊಳೆತ ಟೊಮ್ಯಾಟೊ, ಎಲಿ ಚೂರು. ಹಸಿ ಕುಳ್ಳು ಒಲಿಗೆ ಇಟ್ಟವರಿಗೆ ಬರೇ ಹೊಗಿ ಬರ್ತೈತಿ, ಉರಿ ಬರೂದಿಲ್ಲ ಅನ್ನೋದು ಗೊತ್ತೈತಿ. 1987ರಾಗ ದಿಲ್ಲಿಯ ತಿಮಾರಪುರದಾಗ ಡೆನ್ಮಾರ್ಕಿನ ಯಂತ್ರ ತಂದು ದಿನಕ್ಕ 300 ಟನ್ ಸುಡೋ ಘಟಕ ಕಟ್ಟಿದರು. ಅದು ನಡೆದಿದ್ದು 21 ದಿನ. ಕಸದಾಗ ಬೇಕಾದಷ್ಟು ಶಾಖ ಇರಲಿಲ್ಲ, ಬಂದ್ ಆತು. ಈಗಿನ ಘಟಕದವರು ಕಸ ಒಣಗಿಸಿ, ಆರಿಸಿ ಸುಡ್ತಾರ ನಿಜ. ಆದರ ಹಸಿ-ಒಣ ಬ್ಯಾರೆ ಮಾಡೋ ಕೆಲಸ ಹೆಂಗೂ ಮಾಡಲೇಬೇಕು ಅಂದ ಮ್ಯಾಲೆ, ಬ್ಯಾರೆ ಮಾಡಿದ್ದನ್ನ ಸುಡೋದು ಯಾಕ? ಹಸಿದು ತಿಪ್ಪಿಗೆ, ಒಣದು ಗುಜರಿಗೆ. ನಮ್ಮ ಹಿರೇರು ಮಾಡ್ತಿದ್ದದ್ದು ಇದನ್ನ.

ಮೂರನೇದು ಮುಖ್ಯ. ನಾವು ಊಟ ಬೆಳೆಯೋ ನಾಡಿನವರು. ಹಾನಗಲ್ಲಿನ ಭತ್ತ, ಮಾವು, ಅಡಿಕೆ, ಸವಣೂರಿನ ಎಲಿ, ಶಿಗ್ಗಾಂವಿಯ ಮೆಣಸಿನಕಾಯಿ, ಹಿರೇಕೆರೂರಿನ ಗೋವಿನಜೋಳ, ಬೀಜದ ಪ್ಲಾಟು. ಎಲ್ಲಾ ಕಡೆ ಎಮ್ಮಿ, ಆಕಳ. ಪ್ಲಾಸ್ಟಿಕ್ಕು, ಅದರಾಗೂ ಪಿವಿಸಿ ಬೆರೆತ ಕಸ, ಸರಿಯಾಗಿ ಉರಿಯದಿದ್ದರೆ ಡಯಾಕ್ಸಿನ್ ಅನ್ನೋ ವಿಷ ಹುಟ್ಟುತ್ತದೆ. ಅದು ಗಾಳಿಯಲ್ಲಿ ಹೋಗಿ ಹುಲ್ಲಿನ ಮೇಲೆ ಕೂಡುತ್ತದೆ. ಹುಲ್ಲು ತಿಂದ ದನದ ಕೊಬ್ಬಿನಲ್ಲಿ ಉಳಿಯುತ್ತದೆ, ಹಾಲಿನ ಬೆಣ್ಣೆಯ ಜೊತೆ ಹೊರಗೆ ಬರುತ್ತದೆ. ಮನುಷ್ಯರಿಗೆ ಈ ವಿಷ ಶೇಕಡಾ 90ಕ್ಕಿಂತ ಹೆಚ್ಚು ಊಟದಿಂದಲೇ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಡೇರಿಯಾಗ ಫ್ಯಾಟ್ ನೋಡ್ತಾರ, ಎಸ್‌ಎನ್‌ಎಫ್ ನೋಡ್ತಾರ. ಇದನ್ನ ನೋಡೋ ಮಿಶನ್ ಅಲ್ಲಿಲ್ಲ.

2001ರಾಗ ಫ್ರಾನ್ಸಿನ ಗಿಲ್ಲಿ ಅನ್ನೋ ಊರಿನ ಕಸ ಸುಡೋ ಘಟಕದಿಂದ ಹಿಂಗ ಆತು. ಆ ಸೀಮಿ ಹಾಲಿಗೆ, ಗಿಣ್ಣಿಗೆ ಹೆಸರಾದದ್ದು. ಹಾಲಿನಾಗ ಡಯಾಕ್ಸಿನ್ ಸಿಕ್ಕಿತು, ಘಟಕ ಮುಚ್ಚಿದರು, ಹಾಲು ಚೆಲ್ಲಿಸಿದರು, ಸಾವಿರಾರು ದನ ಕೊಲ್ಲಿಸಿದರು. ಅದು ನಮಗಿಂತ ಕಾನೂನು ಬಿಗಿ ಇರೋ ದೇಶ. ಹೊಸ ಘಟಕದಾಗ ಫಿಲ್ಟರ್ ಚಲೋ ಇರ್ತಾವ, ಒಪ್ಪೀನಿ. ಆದರ ಫಿಲ್ಟರ್ ಇಡೋದು ಬ್ಯಾರೆ, ದಿನಾ ನಡಸೋದು ಬ್ಯಾರೆ. ಸುಟ್ಟ ಟಿಸಿ ಬದಲಿ ತರಾಕ ನಾವು ಎಷ್ಟು ದಿನ ಅಡ್ಡಾಡೀವಿ, ನೆನಪು ಮಾಡಿಕೊಳ್ರಿ. ಫಿಲ್ಟರ್ ಕೆಟ್ಟ ದಿನ ಒಲಿ ಆರಸ್ತಾರ ಅಂತ ನನಗ ನಂಬಿಕಿ ಇಲ್ಲ. ಮತ್ತ ನೂರು ಕೆಜಿ ಸುಟ್ಟರ 20-25 ಕೆಜಿ ಬೂದಿ ಉಳೀತೈತಿ. ಅದು ಒಲಿ ಬೂದಿ ಅಲ್ಲ, ಬದನಿ ಗಿಡಕ್ಕ ಉಗ್ಗಾಕ ಬರೂದಿಲ್ಲ. ವರದಾ, ಧರ್ಮಾ, ಕುಮುದ್ವತಿ ಹರಿಯೋ ನೆಲದಾಗ ಅದನ್ನ ಎಲ್ಲಿ ಇಡ್ತಾರ?

ಇಷ್ಟು ಬೈದ ಮ್ಯಾಲೆ ನನ್ನ ತಪ್ಪೂ ಹೇಳಬೇಕು. ನಾನೂ ಸುಟ್ಟವನ. ಆರು ವರ್ಷ ಮೆಣಸಿನಕಾಯಿಗೆ ಮಲ್ಚಿಂಗ್ ಶೀಟ್ ಹಾಕಿದೆ. ಬೆಳಿ ಮುಗಿದ ಮ್ಯಾಲೆ ಕಿತ್ತು ಬದುವಿನ ಮ್ಯಾಲೆ ಒಟ್ಟಿ, ಔಷಧ ಬಾಟ್ಲಿ, ಒಡೆದ ಪೈಪ್ ಎಲ್ಲಾ ಅದರ ಮ್ಯಾಲೆ ಹಾಕಿ ಕಡ್ಡಿ ಗೀರಿದೆ. ಹೊಗಿ ಹೋಗಿದ್ದು ಎತ್ತ ಕಡೆ? ನನ್ನ ಎಮ್ಮಿ ಕಟ್ಟೋ ಹುಣಸಿಗಿಡದ ಕಡೆ. ಆ ಎಮ್ಮಿ ಹಾಲು ಅರ್ಧ ಡೇರಿಗೆ, ಅರ್ಧ ಮೊಮ್ಮಗಳಿಗೆ. ಇಟಲಿಯ ನೇಪಲ್ಸ್ ಸೀಮ್ಯಾಗ ಹೊಲದ ಅಂಚಿಗೆ, ರಸ್ತೆ ಬದಿಗೆ ಕಸ ಸುಡೋದು ವಿಪರೀತ ಆಗಿ, 2008ರಾಗ ಎಮ್ಮಿ ಹಾಲಿನಾಗ ಡಯಾಕ್ಸಿನ್ ಸಿಕ್ಕಿತ್ತು. ಜಪಾನ್, ದಕ್ಷಿಣ ಕೊರಿಯಾ ಆ ಗಿಣ್ಣು ತರಿಸೋದ ನಿಲ್ಲಿಸಿದ್ದವು. ಅಲ್ಲಿ ಚಿಮಣಿ ಏನೂ ಬೇಕಾಗಲಿಲ್ಲ, ನಾನು ಗೀರಿದಂಥ ಕಡ್ಡಿನ ಸಾಕಾತು.

ಹಂಗಾದ್ರ ಮರುಬಳಕೆ ಅಂದ್ರ ಎಲ್ಲಾ ಬಂಗಾರ ಅಂತೀರಾ ಅಂತ ಕೇಳಬಹುದು. ಅನ್ನೂದಿಲ್ಲ. ಮೂರು ವರ್ಷದ ಹಿಂದ ಪಟ್ಟಣದ ಕಸದಿಂದ ಮಾಡಿದ ಗೊಬ್ಬರ ಅಗ್ಗ ಸಿಗ್ತು ಅಂತ ಎರಡು ಟ್ರ್ಯಾಕ್ಟರ್ ಹಾಕಿಸಿದೆ. ಅದರಾಗ ಗಾಜಿನ ಚೂರು, ಬ್ಲೇಡು, ಶಾಂಪೂ ಚೀಟಿ, ಸೂಜಿ. ಕಳೆ ತಗಿಯಾಕ ಬಂದ ಅಕ್ಕನ ಅಂಗಾಲಿಗೆ ಗಾಜು ಹೊಕ್ಕು ಹದಿನೈದು ದಿನ ಕೂಲಿ ತಪ್ಪಿತು. ಔಷಧದ ಖರ್ಚು, ಕೂಲಿ ನಾ ಕೊಟ್ಟೆ. ಇವತ್ತಿಗೂ ರಂಟಿ ಹೊಡೆದಾಗ ಗಾಜು ಮಿಣಮಿಣ ಅಂತಾವ. ಅದು ಗೊಬ್ಬರದ ತಪ್ಪಲ್ಲ, ಎಲ್ಲಾ ಬೆರೆಸಿ ಕೊಟ್ಟವರ ತಪ್ಪು. ಹಸಿ, ಒಣ, ಅಪಾಯದ ಕಸ ಮೂರನ್ನೂ ಮನ್ಯಾಗನ ಬ್ಯಾರೆ ಮಾಡಿ ಕೊಡಬೇಕು ಅಂತ 2016ರ ನಿಯಮದಾಗನ ಬರೆದಿತ್ತು. ಬೆರೆತ ಕಸ ಸುಟ್ಟರೂ ವಿಷ, ಕೊಳೆಸಿದರೂ ವಿಷ, ಒಟ್ಟಿದರೂ ವಿಷ. 2019ರ ಆಗಸ್ಟಿನಾಗ ಮಂಗಳೂರಿನ ಪಚ್ಚನಾಡಿ ಕಸದ ಗುಡ್ಡ ಮಳಿಗೆ ಜಾರಿ ಮಂದಾರದ ಅಡಿಕೆ ತೋಟಗಳನ್ನ ನುಂಗಿತು. ಆ ತೋಟದವರು ಆ ಕಸ ಮಾಡಿದವರಲ್ಲ.

ಆಗದ ಮಾತು ಅನ್ನೋರು ಉಡುಪಿ ಜಿಲ್ಲಾ ನೋಡ್ರಿ. ಕುಂದಾಪುರ ಕಡೆಯ ವಂಡ್ಸೆ ಗ್ರಾಮ ಪಂಚಾಯತಿ ಮನಿಮನಿಯಿಂದ ಬ್ಯಾರೆ ಮಾಡಿದ ಕಸ ತಗೊಂಡು ಹೆಸರು ಮಾಡ್ತು. ಕಾರ್ಕಳದ ನಿಟ್ಟೆಯಾಗ ಹತ್ತಾರು ಪಂಚಾಯತಿಗಳ ಒಣ ಕಸ ಆರಿಸೋ ಘಟಕ ಐತಿ, ದಿನಕ್ಕ 10 ಟನ್ನಿಂದು. ನಮ್ಮ ನಾಲ್ಕು ತಾಲೂಕಿಗೆ ಹೊಂದೋ ಅಳತಿ ಅದು, ಬಿಡದಿದಲ್ಲ. ನಮ್ಮ ಕಡೆ ಪಂಚಾಯತಿಗಳಿಗೂ ಸ್ವಚ್ಛವಾಹಿನಿ ಗಾಡಿ ಬಂದಾವ, ಸಂಘದ ಹೆಣ್ಣುಮಕ್ಕಳು ಓಡಸ್ತಾರ. ಅವರಿಗೆ ತಿಂಗಳಾ ಪಗಾರ ಕೊಡ್ರಿ ಸಾಕು.

ಉಳಿಯೋದು ಗುಟ್ಕಾ ಚೀಟಿ, ಚಿಪ್ಸ್ ಪಾಕೀಟು. ಅವನ್ನ ಗುಜರಿಯವರೂ ಒಯ್ಯೂದಿಲ್ಲ. ಅವು ಸಿಮೆಂಟ್ ಫ್ಯಾಕ್ಟರಿ ಕುಲುಮಿಗೆ ಹೋಗಲಿ, ಅಲ್ಲಿ ಶಾಖ ಸಾವಿರ ಡಿಗ್ರಿ ಮೀರಿರ್ತೈತಿ. ಎಲ್ಲಾ ಆರಿಸಿದ ಮ್ಯಾಲೆ ಉಳಿಯೋ ಕಡೀ ಮುಷ್ಟಿ ಅದು. ಅದರ ಸಲುವಾಗಿ ಇಡೀ ಬುಟ್ಟಿ ಸುಡಬಾರದು.

50 ಕೆಜಿ ಡಿಎಪಿ ಚೀಲಕ್ಕ 1350 ರೂಪಾಯಿ ಹಿಡಕೊಂಡು ಮುಂಜಾನಿ ಐದಕ್ಕ ಸಾಲಿನಾಗ ನಿಂದ್ರೋರು ನಾವು. ನಮ್ಮ ಹೊಲದಿಂದ ಪಟ್ಟಣಕ್ಕ ಹೋದ ಸತ್ವ ಸಿಪ್ಪಿ ಆಗಿ ತಿರುಗಿ ಹೊಲಕ್ಕ ಬರಬೇಕು. ಅದನ್ನ ಚಿಮಣ್ಯಾಗ ಹಾಕೋದು ನಮ್ಮ ಮಣ್ಣಿಗೆ ಮಾಡೋ ಮೋಸ.

ಅದಕ್ಕ ಪಟ್ಟಣದವರಿಗೆ ನಾವು ಹೇಳಬೇಕಾದ್ದು ಇಷ್ಟ: ಗಾಜು, ಸೂಜಿ ಇಲ್ಲದ ಗೊಬ್ಬರ ಕೊಡ್ರಿ, ರೊಕ್ಕ ಕೊಟ್ಟು ಒಯ್ತೀವಿ. ಬೆರೆತ ಕಸ ತಂದು ನಮ್ಮ ಸೀಮ್ಯಾಗ ಸುಡ್ತೀವಿ ಅಂದ್ರ ಗಾಡಿ ಒಳಗ ಬಿಡೂದಿಲ್ಲ. ಆದರ ಇದನ್ನ ಹೇಳೋ ಮೊದಲು ನಮ್ಮ ಬದುವಿನ ಮ್ಯಾಲಿನ ಬೆಂಕಿ ಆರಬೇಕು. ಹೋದ ವರ್ಷದಿಂದ ನಾನು ಮಲ್ಚಿಂಗ್ ಶೀಟ್ ಮಣ್ಣು ಝಾಡಿಸಿ, ಒಣಗಿಸಿ, ಸುತ್ತಿ ಇಡಾಕ ಹತ್ತೀನಿ. ಗುಜರಿಯಂವ ಮಣ್ಣು ಐತಿ ಅಂತ ರೇಟು ಕಡಿಮಿ ಮಾಡ್ತಾನ. ಹತ್ತು ಮಂದಿ ಕೂಡಿ ಒಂದು ಟ್ರ್ಯಾಕ್ಟರ್ ತುಂಬಿಸಿದರ ಮಾತು ಬ್ಯಾರೆ ಆಗ್ತೈತಿ. ಯಾರ್ಯಾರ ಹೊಲದಾಗ ಶೀಟ್ ಬಿದ್ದಾವ, ಹೇಳ್ರಿ. ನನ್ನ ಟ್ರೇಲರ್ ಕೊಡ್ತೀನಿ, ಡೀಸೆಲ್ ಹಂಚಿಕೊಳ್ಳೋಣ. ಮುಂದಿನ ಗ್ರಾಮಸಭೆಯಾಗ ಇದನ್ನ ಠರಾವಿಗೂ ಹಾಕಸೋಣ.