ವಾಸಕ್ಕೆ ತಕ್ಕ ಊರು ಯಾವುದು?

“ಕೆಟ್ಟು ಪಟ್ಟಣ ಸೇರು” ಎಂಬುದು ನಮ್ಮ ಹಿರಿಯರ ಕಾಲದ ಗಾದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಈಗ ಅದು ತಿರುಗುಮುರುಗಾಗಿರುತ್ತದೆ. ಪಟ್ಟಣದಲ್ಲಿ ದುಡಿದು ಪಟ್ಟಣದಲ್ಲಿಯೇ ಸಂಬಳ ಪಡೆಯುವವನು ಅಲ್ಲಿ ಬಾಡಿಗೆ ತೆರಲಾರದೆ, ಹೊರಗಿನ ಊರನ್ನು ಅರಸಿಕೊಂಡು ಹೋಗುವ ಕಾಲವು ಪ್ರಾಪ್ತವಾಗಿದೆ. ಶಿವಾಜಿನಗರದ ಅಂಗಡಿಯ ಲೆಕ್ಕಿಗರಲ್ಲಿ, ಹಲಸೂರಿನ ಉಪಾಧ್ಯಾಯರಲ್ಲಿ, ಇಂದಿರಾನಗರದ ಕಛೇರಿಗಳ ಗುಮಾಸ್ತರಲ್ಲಿ ಇಬ್ಬರು ಕೂಡಿದರೆ ಮೂರನೆಯ ಮಾತು ಇದೇ ಆಗಿರುತ್ತದೆ: ಮಾಲೂರಿಗೆ ಹೋಗುವುದೋ, ಹೊಸಕೋಟೆಗೋ, ಬಂಗಾರಪೇಟೆಗೋ? ಇದು ಒಂದೊಂದು ಸಂಸಾರದ ಖಾಸಗಿ ಪ್ರಶ್ನೆಯೆಂದು ತಳ್ಳಿಬಿಡುವುದು ಸುಲಭ. ಆದರೆ ಸಾವಿರಾರು ಸಂಸಾರಗಳು ಏಕಕಾಲದಲ್ಲಿ ಕೇಳುವ ಪ್ರಶ್ನೆಯು ಸಾರ್ವಜನಿಕ ಪ್ರಶ್ನೆಯೇ ಸರಿ. ಆದುದರಿಂದ ಅದನ್ನು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿದ್ದೇವೆ.

ಪಟ್ಟಣದಿಂದ ಹೊರಕ್ಕೆ ಜನರು ವಲಸೆ ಹೋಗುವುದು ಈ ಭಾಗಕ್ಕೆ ಹೊಸದಲ್ಲ. 1809ರಲ್ಲಿ ಹಲಸೂರಿನ ಬಳಿ ದಂಡು ನೆಲೆಗೊಂಡಿತು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನ ನಿಲ್ದಾಣದವರೆಗೆ ರೈಲು ಬಂದಿತು. 1898ರಲ್ಲಿ ಪ್ಲೇಗು ಹಬ್ಬಿ, ಇಕ್ಕಟ್ಟಾದ ಕೇರಿಗಳಲ್ಲಿ ಜನರು ಹುಳುಗಳಂತೆ ಸತ್ತರು. ಆ ವಿಪತ್ತಿನಿಂದ ಪಾಠ ಕಲಿತ ಅಂದಿನ ಅಧಿಕಾರಿಗಳು ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳನ್ನೂ ದಂಡಿನ ಕಡೆ ಈಗ ಪುಲಿಕೇಶಿನಗರವೆನಿಸಿರುವ ಫ್ರೇಜರ್ ಟೌನನ್ನೂ ಬೆಳೆಸಿದರು. 1906ರಲ್ಲಿ ಅಸ್ತಿಭಾರ ಹೊಂದಿ 1910ರಲ್ಲಿ ತೆರೆಯಲ್ಪಟ್ಟ ಈ ಬಡಾವಣೆಯಲ್ಲಿ ಅಗಲವಾದ ಬೀದಿ, ಗಾಳಿಬೆಳಕು, ಇಲಿ ಸೇರದಂತಹ ಮನೆಯ ಮಾದರಿ, ಇವೆಲ್ಲವನ್ನೂ ಮೊದಲೇ ಆಲೋಚಿಸಲಾಗಿತ್ತು. ಪರಕೀಯರ ಆಳ್ವಿಕೆಯಲ್ಲಿ ನಾವು ಪಟ್ಟ ಬವಣೆಗಳು ಅನೇಕ. ಆದರೂ ಈ ಒಂದು ಕ್ರಮವನ್ನು ಒಪ್ಪಲೇಬೇಕು: ಬೀದಿಯೂ ಚರಂಡಿಯೂ ಮೊದಲು, ಜನರು ಆಮೇಲೆ.

ಈಗ ನಡೆಯುತ್ತಿರುವುದು ಇದಕ್ಕೆ ನೇರ ವಿರುದ್ಧವಾದ ಕ್ರಮ. ಮೊದಲು ಜನರು ಹೋಗುತ್ತಾರೆ. ಅವರ ಹಿಂದೆ ರಸ್ತೆ ಹೋಗುತ್ತದೆ. ನೀರು ಎಲ್ಲಕ್ಕಿಂತ ಕಡೆಯಲ್ಲಿ ಬರುತ್ತದೆ. 2007ರಲ್ಲಿ ಕೃಷ್ಣರಾಜಪುರ, ಮಹದೇವಪುರ ಮೊದಲಾದ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿಸಲಾಯಿತು. ಆ 110 ಹಳ್ಳಿಗಳಿಗೆಂದು ಉದ್ದೇಶಿಸಿದ ಕಾವೇರಿ ಐದನೆಯ ಹಂತವು ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಅಂದರೆ ನಗರದ ಕಂದಾಯಕ್ಕೂ ನಗರದ ನೀರಿಗೂ ನಡುವೆ ಹದಿನೇಳು ವರ್ಷಗಳ ಅಂತರ. ಆ ಅವಧಿಯಲ್ಲಿ ಹುಟ್ಟಿದ ಮಗುವು ಟ್ಯಾಂಕರಿನ ನೀರನ್ನು ಕುಡಿದೇ ಕಾಲೇಜು ಸೇರುವಷ್ಟು ಬೆಳೆಯಿತು. ಪಾಲಿಕೆಯ ಎಲ್ಲೆಯೊಳಗೇ ಗತಿ ಹೀಗಾದರೆ, ಎಲ್ಲೆಯಾಚೆಗೆ ಹೋಗುವವನು ಎಷ್ಟು ಎಚ್ಚರ ವಹಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಹೊರಗೆ ಹೋಗಬಯಸುವವನು ಮಾಡುವ ಮೊದಲನೆಯ ತಪ್ಪು, ನಿವೇಶನದ ಬೆಲೆಯಿಂದ ಲೆಕ್ಕವನ್ನು ಆರಂಭಿಸುವುದು. ದಳ್ಳಾಳಿಯ ಬಣ್ಣದ ಹಾಳೆಯಲ್ಲಿ ಎಲ್ಲ ಬಡಾವಣೆಗಳೂ ಪಟ್ಟಣದಿಂದ ಅರ್ಧಗಂಟೆಯ ದಾರಿಯಲ್ಲಿಯೇ ಇರುತ್ತವೆ. ಆ ಅರ್ಧಗಂಟೆಯು ಭಾನುವಾರ ಮುಂಜಾನೆಯದು, ಸೋಮವಾರದ್ದಲ್ಲ. ಕೃಷ್ಣರಾಜಪುರದ ತೂಗುಸೇತುವೆಯು 2003ರಲ್ಲಿ ಸಂಚಾರಕ್ಕೆ ತೆರೆದಾಗ ಹಳೆಯ ಮದ್ರಾಸು ರಸ್ತೆಯ ಕಷ್ಟವು ತೀರಿತೆಂದೇ ಅನೇಕರು ಭಾವಿಸಿದ್ದರು. ಟಿನ್ ಫ್ಯಾಕ್ಟರಿಯ ಬಳಿ ಸಂಜೆ ಆರು ಗಂಟೆಗೆ ಬಸ್ಸಿನಲ್ಲಿ ನಿಂತಿರುವವನನ್ನು ಕೇಳಿದರೆ ಆ ಭಾವನೆಯ ಗತಿ ಏನಾಯಿತೆಂಬುದು ತಿಳಿಯುತ್ತದೆ. ಹೊಸಕೋಟೆಯು ಹತ್ತಿರವೂ ಹೌದು, ಹಳೆಯ ಪೇಟೆಯೂ ಹೌದು. ಆದರೆ ಆ ಪೇಟೆಗೆ ರೈಲಿಲ್ಲ. ಅಲ್ಲಿಂದ ದಂಡಿಗೆ ಬರಬೇಕಾದವನು ಇದೇ ರಸ್ತೆಯನ್ನೇ ನಂಬಬೇಕು.

ಮೆಟ್ರೋ ಬಂದಿತಲ್ಲ ಎನ್ನಬಹುದು. ಅದು ಬಂದುದು ಮಹದುಪಕಾರವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಹೊರಟ ಮೆಟ್ರೋ, 2023ರ ಮಾರ್ಚಿಯಲ್ಲಿ ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿನವರೆಗೂ ಓಡತೊಡಗಿತು. ನಡುವೆ ಉಳಿದಿದ್ದ ಬೈಯಪ್ಪನಹಳ್ಳಿ–ಕೃಷ್ಣರಾಜಪುರದ ತುಂಡು ಅದೇ ವರ್ಷದ ಅಕ್ಟೋಬರಿನಲ್ಲಿ ಕೂಡಿಕೊಂಡಿತು. ಆದರೆ ಹಳಿಯು ಬರುವುದಕ್ಕೆ ಮುಂಚೆಯೇ ಅದರ ಇಕ್ಕೆಲಗಳ ನೆಲವು ಬಡವನ ಕೈಗೆ ಎಟುಕದಷ್ಟು ಏರಿಹೋಗಿತ್ತು. 2025ರ ಫೆಬ್ರವರಿಯಲ್ಲಿ ಅತ್ಯಧಿಕ ಪ್ರಯಾಣದರವು 60 ರೂಪಾಯಿಗಳಿಂದ 90 ರೂಪಾಯಿಗಳಿಗೆ ಏರಿತು. ಹೀಗಾಗಿ ಸಾಧಾರಣ ಸಂಬಳದವನ ಕಣ್ಣು ವೈಟ್‌ಫೀಲ್ಡಿನ ಆಚೆಗೆ, ದೇವನಗೊಂದಿ, ಮಾಲೂರು, ಟೇಕಲ್, ಬಂಗಾರಪೇಟೆಗಳ ಕಡೆಗೆ, 1864ರ ಆ ಹಳೆಯ ರೈಲುದಾರಿಯ ಉದ್ದಕ್ಕೂ ಹೊರಳುತ್ತದೆ.

ಈ ದಾರಿಯಲ್ಲಿ ನಿತ್ಯ ಸಂಚಾರವೆಂದರೆ ಏನೆಂಬುದನ್ನು ತಿಳಿಯಬೇಕಾದರೆ ಕೋಲಾರದ ಚಿನ್ನದ ಗಣಿಯ ಜನರನ್ನು ಕೇಳಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಆ ಊರನ್ನು ತಲುಪಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದುದು 1905ರಲ್ಲಿ. ಬೆಂಗಳೂರಿಗಿಂತ ಮೊದಲು ಬೆಳಕು ಕಂಡ ಆ ಊರಿನ ಗಣಿಗಳನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಅಂದಿನಿಂದ ಅಲ್ಲಿಯ ಸಹಸ್ರಾರು ಜನರು, ಹೆಂಗಸರೂ ಗಂಡಸರೂ, ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ಕತ್ತಲಿರುವಾಗಲೇ ರೈಲು ಹತ್ತಿ, ಕೃಷ್ಣರಾಜಪುರದಲ್ಲಿಯೋ ದಂಡಿನಲ್ಲಿಯೋ ಇಳಿದು, ದುಡಿದು, ಕತ್ತಲಾದ ಮೇಲೆ ಮನೆ ಸೇರುತ್ತಿದ್ದಾರೆ. ಅವರು ಊರನ್ನು ಆರಿಸಿಕೊಂಡವರಲ್ಲ. ಊರು ಅವರಿಗೆ ಉಳಿದುಕೊಂಡಿತು, ಉದ್ಯೋಗವು ಉಳಿಯಲಿಲ್ಲ.

ಬಾಗಿಲಿನಿಂದ ಬಾಗಿಲಿಗೆ ಹೋಗಿಬರುವುದಕ್ಕೆ ದಿನಕ್ಕೆ ಐದು ಗಂಟೆ ಹಿಡಿಯುವುದಾದರೆ, ತಿಂಗಳಿಗೆ 25 ದಿನದ ಕೆಲಸಕ್ಕೆ 125 ಗಂಟೆಗಳಾದವು. ವರ್ಷಕ್ಕೆ 1500 ಗಂಟೆಗಳು; ಹಗಲಿರುಳು ಕೂಡಿಸಿ ಎಣಿಸಿದರೆ ಎರಡು ತಿಂಗಳಿಗೂ ಹೆಚ್ಚು. ವರ್ಷದಲ್ಲಿ ಎರಡು ತಿಂಗಳನ್ನು ರೈಲಿಗೆ ಒಪ್ಪಿಸಿದ ತಂದೆಗೆ ಮಗನ ಶಾಲೆಯ ಉಪಾಧ್ಯಾಯರ ಮುಖಪರಿಚಯವಿರುವುದಿಲ್ಲ. ತಾಯಿಯಾದರೋ ರೈಲಿಗೆ ಮುಂಚೆ ಒಂದು ಸಲ, ರೈಲಿನಿಂದ ಬಂದ ಮೇಲೆ ಇನ್ನೊಂದು ಸಲ ಒಲೆಯ ಮುಂದೆ ನಿಲ್ಲಬೇಕು. ಬಾಡಿಗೆಯಲ್ಲಿ ಉಳಿದ ಹಣದ ಎದುರು ಈ ಗಂಟೆಗಳನ್ನೂ ಬರೆದು ತೂಗದವನ ಲೆಕ್ಕವು ಅರ್ಧ ಲೆಕ್ಕ.

ಹಾಗೆಂದು ಯಾರೂ ಹೋಗಕೂಡದೆಂಬುದು ನಮ್ಮ ಮತವಲ್ಲ. ಹೋಗುವವನು ಮೂರನ್ನು ಪರೀಕ್ಷಿಸಿ ಹೋಗಲಿ. ಮೊದಲನೆಯದು ರೈಲು. ಮುಂಗಡ ಕೊಡುವುದಕ್ಕೆ ಮುಂಚೆ ಒಂದು ವಾರ ಕಾಲ ಆ ಊರಿನಿಂದಲೇ, ಕೆಲಸದ ವೇಳೆಗೆ, ನಿಜವಾಗಿ ಓಡಾಡಿ ನೋಡಲಿ. 150 ಕಿಲೋಮೀಟರಿನೊಳಗೆ ತಿಂಗಳ ಪಾಸು ದೊರೆಯುತ್ತದೆ, ಅದರ ವೆಚ್ಚವೂ ಅಲ್ಪ. ಆದರೆ ಪಾಸು ಕೊಡುವುದು ಹತ್ತುವ ಹಕ್ಕನ್ನು ಮಾತ್ರ, ಕೂಡುವ ಸ್ಥಳವನ್ನಲ್ಲ. ಬೆಳಗಿನ ರೈಲು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ, ಸಂಜೆಯ ಕಡೆಯ ರೈಲು ಯಾವುದು, ನಿಲ್ದಾಣದಿಂದ ಮನೆಗೆ ರಾತ್ರಿ ಒಂಟಿಯಾಗಿ ಬರುವ ಹೆಣ್ಣುಮಗಳಿಗೆ ದಾರಿಯಲ್ಲಿ ದೀಪವಿದೆಯೇ, ಇವನ್ನು ವೇಳಾಪಟ್ಟಿಯ ಪುಸ್ತಕವು ಹೇಳುವುದಿಲ್ಲ, ಕಾಲು ಹೇಳುತ್ತದೆ.

ಎರಡನೆಯದು ನೀರು. ಕೋಲಾರ ಸೀಮೆಯಲ್ಲಿ ಶಾಶ್ವತವಾಗಿ ಹರಿಯುವ ನದಿಯಿಲ್ಲ. ಹಿರಿಯರು ಕಟ್ಟಿದ ಕೆರೆಗಳೂ ಮೊಮ್ಮಕ್ಕಳು ಕೊರೆದ ಕೊಳವೆಬಾವಿಗಳೂ ಅದರ ಜೀವಾಧಾರ. ಕೆಲವೆಡೆ ಆಳದ ನೀರಿನಲ್ಲಿ ಫ್ಲೋರೈಡಿನ ದೋಷವೂ ಉಂಟು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಅಲ್ಲಿಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅದರಿಂದ ಬತ್ತಿದ್ದ ಕೆರೆಗಳು ತುಂಬಿದವು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಅಲ್ಲಿಯ ಜನರು ಕೇಳುತ್ತಲೇ ಬಂದಿದ್ದಾರೆ. ಆ ಬೇಡಿಕೆಯು ನ್ಯಾಯವಾದುದು. ಕುಡಿಯುವ ನೀರಿಗಾಗಿ ಮಾರ್ಕಂಡೇಯ ನದಿಗೆ ಯರಗೋಳದಲ್ಲಿ ಕಟ್ಟಿದ ಅಣೆಕಟ್ಟೆಯು ಕೋಲಾರ, ಮಾಲೂರು, ಬಂಗಾರಪೇಟೆಗಳಿಗೆ ಉದ್ದಿಷ್ಟವಾದುದು. ಹೋಗುವವನು ಕೇಳಬೇಕಾದುದು ಇಷ್ಟೇ: ಆ ಕೊಳಾಯಿಯು ನನ್ನ ಬೀದಿಗೆ ಬಂದಿದೆಯೇ? ಬರುತ್ತದೆ ಎಂಬ ಉತ್ತರವನ್ನು ಬಂದಿಲ್ಲ ಎಂದೇ ತಿಳಿಯತಕ್ಕದ್ದು. ಭೂಪರಿವರ್ತನೆಯ ಆಜ್ಞೆ, ಖಾತೆ, ಋಣಭಾರ ಪತ್ರಗಳ ವಿಚಾರದಲ್ಲಿಯೂ ಇದೇ ಸೂತ್ರವನ್ನು ಅನುಸರಿಸಿದರೆ ಆಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ತಪ್ಪುತ್ತದೆ.

ಮೂರನೆಯದು ಊರು. ಹೊಲದ ನಡುವೆ ಕಂಬ ನೆಟ್ಟು, ಕಮಾನು ಕಟ್ಟಿ, ಆಂಗ್ಲ ಹೆಸರಿಟ್ಟ ಮಾತ್ರಕ್ಕೆ ಅದು ಊರಾಗುವುದಿಲ್ಲ. ತನ್ನದೇ ಆದ ಸಂತೆ, ಶಾಲೆ, ಆಸ್ಪತ್ರೆ, ಅಂಚೆಮನೆ, ಪುರಸಭೆಗಳಿರುವ ಸ್ಥಳವೇ ಊರು. ಹೆಂಚು ಇಟ್ಟಿಗೆಗಳಿಗೆ ಹೆಸರಾದ ಮಾಲೂರು, ರೈಲುಗಳ ಕೂಡುನಿಲ್ದಾಣವಾದ ಬಂಗಾರಪೇಟೆ, ಇವು ಬೆಂಗಳೂರಿನ ನೆರಳು ಬೀಳುವ ಮೊದಲೇ ಊರುಗಳಾಗಿದ್ದವು. ದುಡಿಯುವವನು ಹಗಲೆಲ್ಲ ಪಟ್ಟಣದಲ್ಲಿರುವಾಗ ಮನೆಯಲ್ಲಿ ಉಳಿದ ಮುದುಕ ತಂದೆತಾಯಿಗಳಿಗೂ ಮಕ್ಕಳಿಗೂ ಆಸರೆಯಾಗುವುದು ಊರೇ ಹೊರತು ನಿವೇಶನವಲ್ಲ. ರಾತ್ರಿ ಜ್ವರ ಬಂದಾಗ ನಡೆದು ಹೋಗುವಷ್ಟು ದೂರದಲ್ಲಿ ವೈದ್ಯನಿದ್ದಾನೆಯೇ ಎಂಬುದು ಈಜುಕೊಳವಿದೆಯೇ ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಆಡಬೇಕು. ಹೊಸಬರು ಬಂದರೆ ಆ ಊರಿನ ಬಾಡಿಗೆಯೂ ಏರುತ್ತದೆ, ಟೊಮೇಟೋ ಹಿಪ್ಪುನೇರಳೆ ಬೆಳೆಯುತ್ತಿದ್ದ ಹೊಲಕ್ಕೆ ಕಲ್ಲುಗೂಟವೂ ಬೀಳುತ್ತದೆ. ಹಲಸೂರಿನಲ್ಲಿ ನಮ್ಮನ್ನು ಹೊರದೂಡಿದ ಅದೇ ಶಕ್ತಿಯನ್ನು ನಾವು ಮಾಲೂರಿನವರ ಮನೆಬಾಗಿಲಿಗೆ ಕೊಂಡೊಯ್ಯುತ್ತೇವೆ. ಈ ಋಣವನ್ನು ತೀರಿಸುವ ಮಾರ್ಗ ಒಂದೇ: ಅಲ್ಲಿ ಬಿಡಾರದವರಂತೆ ಇರದೆ ಊರಿನವರಾಗಿ ಬಾಳುವುದು. ಅನೇಕರು ಮಾಲೂರಿನಲ್ಲಿ ಮಲಗುತ್ತಾರೆ, ಬೆಂಗಳೂರಿನಲ್ಲಿ ಮತ ಹಾಕುತ್ತಾರೆ. ಅವರಿಗೆ ಅಲ್ಲಿಯ ಚರಂಡಿಯ ಮೇಲೆ ಕೋಪವಿರುತ್ತದೆ, ಪುರಸಭೆಯ ಮೇಲೆ ಅಧಿಕಾರವಿರುವುದಿಲ್ಲ. ಮತದಾರರ ಪಟ್ಟಿಯನ್ನೂ ಪಡಿತರ ಚೀಟಿಯನ್ನೂ ಅಲ್ಲಿಗೆ ವರ್ಗಾಯಿಸಿಕೊಳ್ಳುವುದು, ಅಲ್ಲಿಯ ಸರ್ಕಾರಿ ಶಾಲೆಯ ಸ್ಥಿತಿಗತಿಗಳನ್ನು ವಿಚಾರಿಸುವುದು, ಕೆರೆಯ ಒತ್ತುವರಿಯನ್ನು ಕಂಡರೆ ಅರ್ಜಿ ಬರೆಯುವುದು, ಇವು ಮನೆ ಕಟ್ಟುವ ಕೆಲಸದ ಭಾಗಗಳೆಂದೇ ಎಣಿಸಬೇಕು.

ಸರ್ಕಾರದ ಕರ್ತವ್ಯವೂ ಇದೆ. 2020ರಲ್ಲಿ ಮಂಜೂರಾಗಿ 2022ರ ಜೂನಿನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲ್ವೆಯು ನಾಲ್ಕು ಮಾರ್ಗಗಳಲ್ಲಿ ಒಟ್ಟು 148 ಕಿಲೋಮೀಟರುಗಳದು. ಅದರಲ್ಲಿ ಪೂರ್ವಕ್ಕೆ ಬರುವ ಕೆಂಗೇರಿಯ ಮಾರ್ಗವು ನಕ್ಷೆಯಲ್ಲಿ ವೈಟ್‌ಫೀಲ್ಡಿಗೇ ನಿಂತುಬಿಟ್ಟಿದೆ. ಎಲ್ಲಿ ನೆಲವು ಈಗಾಗಲೇ ದುಬಾರಿಯೋ ಅಲ್ಲಿ ಹಳಿ ನಿಲ್ಲುವುದು, ಎಲ್ಲಿ ಜನರು ನಿತ್ಯವೂ ತೂಗಾಡಿಕೊಂಡು ಬರುತ್ತಿರುವರೋ ಅಲ್ಲಿಗೆ ಹೋಗದಿರುವುದು ನ್ಯಾಯವಲ್ಲ. ಉಪನಗರ ಸಂಚಾರವು ಬಂಗಾರಪೇಟೆಯನ್ನೂ ಮಾರಿಕುಪ್ಪಂ ಶಾಖೆಯನ್ನೂ ಮುಟ್ಟಬೇಕು. ಅದಾಗುವವರೆಗೆ, ಬೆಳಗು ಸಂಜೆಗಳಲ್ಲಿ ದುಡಿಯುವವರ ಗಾಡಿಗಳನ್ನು ದೂರಪ್ರಯಾಣದ ಗಾಡಿಗಳಿಗಾಗಿ ಹೊರನಿಲ್ದಾಣಗಳಲ್ಲಿ ನಿಲ್ಲಿಸದೆ ವೇಳೆಗೆ ಸರಿಯಾಗಿ ನಡೆಸಬೇಕು, ಬೋಗಿಗಳನ್ನು ಹೆಚ್ಚಿಸಬೇಕು. ಇದಕ್ಕೆ ಹೊಸ ಸಮಿತಿಯ ಆವಶ್ಯಕತೆಯಿಲ್ಲ. ಅಧಿಕಾರಿಗಳು ಒಂದು ವಾರ ಬಂಗಾರಪೇಟೆಯಿಂದ ಸಾಧಾರಣ ದರ್ಜೆಯಲ್ಲಿ ಕಛೇರಿಗೆ ಬಂದರೆ ವರದಿಯು ತಾನಾಗಿಯೇ ಸಿದ್ಧವಾಗುವುದು. ಯೋಜಿತವಲ್ಲದ ಬಡಾವಣೆಗಳಿಗೆ ಅನುಮತಿ ಕೊಡುವ ಕೈಗಳು, ನೀರು ಬಂದ ಮೇಲೆಯೇ ರುಜು ಹಾಕುವುದನ್ನು ಕಲಿಯಬೇಕು.

“ಊರಿಗೆ ಬಂದವಳು ನೀರಿಗೆ ಬಾರದಿರುವಳೇ?” ಎಂದು ನಮ್ಮ ಹೆಂಗಸರು ಕೇಳುತ್ತಾರೆ. ಹೊಸ ಊರಿಗೆ ಹೋದವರು ಆ ಊರಿನ ನೀರಿಗೂ, ಅದರ ಕೆರೆಗೂ, ಶಾಲೆಗೂ, ಸಭೆಗೂ ಬರಲೇಬೇಕು. ಆ ಮನಸ್ಸಿದ್ದವರು ಧಾರಾಳವಾಗಿ ಹೊರಡಲಿ. ಬರಿಯ ಅಗ್ಗದ ನೆಲವನ್ನು ಕಂಡು ಹೊರಟವರು, ದಂಡಿನಲ್ಲಿ ಇನ್ನೊಂದು ಚಿಕ್ಕ ಮನೆಯನ್ನು ಹುಡುಕುವುದೇ ಲೇಸು.