ನಾಳಿನ ತಂಡದ ಬಲಾಬಲ ವಿಚಾರ

ಈ ಸ್ಮರಣ ಸಂಚಿಕೆಗೆ ಏನಾದರೊಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಹೇಳಿದಾಗ, ಅವರು ನನ್ನಿಂದ ನಿರೀಕ್ಷಿಸಿದ್ದುದು ಕೇಶಿರಾಜನನ್ನು ಕುರಿತೋ ಷಟ್ಪದಿಯ ಲಕ್ಷಣವನ್ನು ಕುರಿತೋ ನಾಲ್ಕು ಮಾತುಗಳಿರಬೇಕು. ಆದರೆ ಈ ಸಲ ನಾನು ಬರೆಯಹೊರಟಿರುವುದು ಕಬಡ್ಡಿ ಹಾಗೂ ಖೋ ಖೋ ತಂಡಗಳ ವಿಷಯವಾಗಿ. ಪಂಡಿತನಿಗೆ ಆಟದ ಗೊಡವೆ ಏಕೆಂದು ಕೇಳುವವರಿಗೆ ನನ್ನ ಸಮಾಧಾನವಿಷ್ಟೇ: ನಮ್ಮ ಶಾಲೆಯಲ್ಲಿ ವಾರ್ಷಿಕ ವರದಿಯನ್ನು ಬರೆಯುವ ಹೊರೆ ಮೊದಲಿನಿಂದಲೂ ಕನ್ನಡ ಪಂಡಿತನ ಹೆಗಲಿಗೇ ಬಿದ್ದಿದೆ, ವರದಿಯಲ್ಲಿ ಕ್ರೀಡಾವಿಭಾಗವೂ ಉಂಟು, ಆದ ಕಾರಣ ಮೈದಾನದ ಅಂಚಿನಲ್ಲಿ ಕೊಡೆ ಹಿಡಿದು ನಿಂತು, ಯಾರು ಗೆದ್ದರು ಯಾರು ಸೋತರು ಎಂಬುದನ್ನು ಬರೆದುಕೊಳ್ಳುತ್ತಲೇ ನನ್ನ ಸೇವಾವಧಿಯ ಬಹುಭಾಗ ಕಳೆದಿದೆ.

ಪ್ರಕೃತ ಈ ಬರಹಕ್ಕೆ ಕಾರಣವಾದುದು ಒಂದು ಪತ್ರ. ಬಹಳ ವರ್ಷಗಳ ಹಿಂದೆ ನಮ್ಮಲ್ಲಿ ಓದಿ, ಈಗ ಅಮೆರಿಕದ ಷಿಕಾಗೋ ನಗರದಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಯ ಕ್ರೀಡೆಗಾಗಿ ದೇಣಿಗೆಯನ್ನು ಕೊಡುವ ಇಚ್ಛೆಯನ್ನು ತಿಳಿಸಿದ್ದಾರೆ. ಮೈದಾನದ ಬದಿಗೆ ಪ್ರೇಕ್ಷಕರ ಗ್ಯಾಲರಿ, ಕಚೇರಿಯಲ್ಲಿ ಪಾರಿತೋಷಕಗಳಿಗೊಂದು ಗಾಜಿನ ಕಪಾಟು, ಇವು ಅವರ ಮನಸ್ಸಿನಲ್ಲಿರುವ ಯೋಜನೆ. ಜೊತೆಗೆ ಒಂದು ಪ್ರಶ್ನೆ. ಅವರಿರುವ ದೇಶದಲ್ಲಿ ಕಾಲೇಜುಗಳ ಫುಟ್‌ಬಾಲ್ ಆಟಕ್ಕೆ ಅಪಾರ ಮರ್ಯಾದೆಯಂತೆ (ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಆ ಆಟಕ್ಕೆ ಕಾಲ್ಚೆಂಡೆಂಬ ಹೆಸರು ಹೇಗೆ ಬಂದಿತೋ, ನಿರುಕ್ತಕಾರರು ಹೇಳಬೇಕು). ಯಾವ ಕಾಲೇಜು ಬರುವ ವರ್ಷ ಬಲಿಷ್ಠವಾದೀತು, ಐದು ವರ್ಷದ ತರುವಾಯ ಯಾವುದು ಮೇಲೇಳುವುದು ಎಂಬುದನ್ನು ಲೆಕ್ಕ ಹಾಕಿ ಹೇಳುವವರೇ ಅಲ್ಲಿ ಬೇರೆ ಇದ್ದಾರೆ. ಹಾಗೆಯೇ ‘ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಲ್ಲಿ ಮುಂದಿನ ಹತ್ತು ವರ್ಷ ಯಾವ ಶಾಲೆಗಳು ಮುಂದಿರುವುವು? ನಮ್ಮದು ಅವುಗಳಲ್ಲೊಂದಾಗುವುದೇ? ಪಂಡಿತರು ತಮ್ಮ ಅಭಿಪ್ರಾಯವನ್ನು ತಿಳಿಸಬೇಕು’ ಎಂದು ಕೇಳಿದ್ದಾರೆ.

ನಾನು ಜ್ಯೋತಿಷಿಯಲ್ಲ. ಒಮ್ಮೆ ಜ್ಯೋತಿಷ್ಯ ಹೇಳಿ ಕೈ ಸುಟ್ಟುಕೊಂಡವನು. ಒಂದು ವರ್ಷ ನಮ್ಮ ಹುಡುಗರು ತಾಲೂಕು ಮಟ್ಟವನ್ನು ದಾಟಿ ಜಿಲ್ಲೆಯಲ್ಲಿಯೂ ಗೆದ್ದು ಬಂದಾಗ, ವಾರ್ಷಿಕೋತ್ಸವದ ವೇದಿಕೆಯ ಮೇಲಿಂದ ‘ಬರುವ ವರ್ಷ ಬೆಳಗಾವಿ ವಿಭಾಗದ ಢಾಲು ನಮ್ಮದೇ’ ಎಂದು ಘೋಷಿಸಿಬಿಟ್ಟೆ. ಬರುವ ವರ್ಷ ನಾವು ತಾಲೂಕಿನ ಮೊದಲನೆಯ ಸುತ್ತಿನಲ್ಲಿಯೇ ಹೊರಬಿದ್ದೆವು. ಹುಡುಗರನ್ನು ದೂರುವಂತಿರಲಿಲ್ಲ, ಗೆದ್ದು ಬಂದ ಆ ಹುಡುಗರಲ್ಲಿ ಹೆಚ್ಚಿನವರು ಹತ್ತನೆಯ ತರಗತಿಯನ್ನು ಮುಗಿಸಿ ಹೋಗಿಯೇಬಿಟ್ಟಿದ್ದರು. ವ್ಯಾಕರಣದಲ್ಲಿ ಲೋಪಸಂಧಿಯನ್ನು ಪಾಠ ಹೇಳುವವನಿಗೆ ಈ ಲೋಪ ಕಾಣದೆ ಹೋಯಿತು.

ಬೆಳೆಯುವ ಸಿರಿಯನ್ನು ಮೊಳಕೆಯಲ್ಲಿಯೇ ಕಾಣಬಹುದೆಂಬ ಗಾದೆಯನ್ನು ನಮ್ಮ ರೈತರು ಹೋರಿಯ ವಿಷಯದಲ್ಲಿ ಅಕ್ಷರಶಃ ನಡೆಸುತ್ತಾರೆ. ದೀಪಾವಳಿ ಕಳೆದ ಮೇಲೆ ನಮ್ಮ ಈ ಭಾಗದ ಹಳ್ಳಿಗಳಲ್ಲಿ ಕೊಬ್ಬರಿಹೋರಿ ಬೆದರಿಸುವ ಹಬ್ಬ ನಡೆಯುವುದನ್ನು ವಾಚಕರು ಬಲ್ಲರು. ಕರುವಿನ ತಳಿ, ಎದೆಯ ಅಗಲ, ಗೊರಸಿನ ಗಡಸು, ಜನಜಂಗುಳಿಯ ಕೂಗಿಗೆ ಅದು ಕಿವಿ ನಿಮಿರಿಸುವ ಬಗೆ, ಇವನ್ನು ನೋಡಿ ಅನುಭವಸ್ಥ ರೈತ ಹೇಳುವ ಮಾತು ಸಾಮಾನ್ಯವಾಗಿ ಸುಳ್ಳಾಗದು. ಆದರೆ ಹೋರಿ ಒಂದೇ ಮನೆಯ ಕೊಟ್ಟಿಗೆಯಲ್ಲಿ ವರುಷಗಟ್ಟಲೆ ಇದ್ದು ಓಡುತ್ತದೆ. ಶಾಲೆಯ ತಂಡಕ್ಕೆ ಆ ಭಾಗ್ಯವಿಲ್ಲ. ಪ್ರೌಢಶಾಲೆಯಲ್ಲಿ ಹುಡುಗನಿರುವುದು ಎಂಟರಿಂದ ಹತ್ತರವರೆಗೆ, ಮೂರು ವರ್ಷ. ಎಂಟನೆಯ ತರಗತಿಯವನಿಗೆ ಮೈಕಟ್ಟು ಇನ್ನೂ ಬಂದಿರುವುದಿಲ್ಲ. ಹತ್ತನೆಯವನಿಗೆ ಪರೀಕ್ಷೆಯ ಭಯ, ಅವನಿಗಿಂತಲೂ ಅವನ ತಂದೆಗೆ. ಕಬಡ್ಡಿಯ ಅಂಗಣದಲ್ಲಿರುವವರು ಏಳು ಮಂದಿ. ಆ ಏಳರಲ್ಲಿ ಐವರು ಹತ್ತನೆಯವರಾದರೆ, ಬರುವ ಜೂನ್ ತಿಂಗಳಿಗೆ ಉಳಿಯುವವರು ಇಬ್ಬರು. ಪದವಿಪೂರ್ವ ಕಾಲೇಜಿನ ಪಾಡಂತೂ ಎರಡೇ ವರ್ಷದ ಮಾತು. ಹೀಗಿರುವಲ್ಲಿ ಕಪಾಟಿನೊಳಗಿನ ಪಾರಿತೋಷಕವು ನಮ್ಮ ಸೀಮೆಯ ವೀರಗಲ್ಲಿನಂತೆ: ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ದೇವಕನ್ಯೆಯರು, ಮೇಲೆ ಲಿಂಗಪೂಜೆ, ಎಲ್ಲವೂ ಸುಂದರ; ಆದರೆ ಆ ಊರಿನಲ್ಲಿ ಮುಂದಿನ ಸಲ ಕಾದುವವರು ಯಾರೆಂಬುದನ್ನು ಕಲ್ಲು ಹೇಳುವುದಿಲ್ಲ.

ಹೊರಗಣ ಆಕಾರವನ್ನು ನಂಬಿ ಬಲವನ್ನು ಅಳೆಯುವುದು ಎಷ್ಟು ಅಪಾಯವೆಂಬುದಕ್ಕೆ ಸವಣೂರಿನವರಿಗೆ ಬೇರೆ ಸಾಕ್ಷಿ ಬೇಕಿಲ್ಲ. ಅಲ್ಲಿಯ ದೊಡ್ಡ ಹುಣಸೆಮರಗಳ ಗಾತ್ರವನ್ನು ಕಂಡವರು, ಇವು ಎಂದಿಗೂ ಅಲುಗಾಡವೆಂದೇ ಭಾವಿಸಿದ್ದರು. 2023ರ ಜುಲೈ ಮಳೆಯಲ್ಲಿ ಅವುಗಳಲ್ಲೊಂದು ಉರುಳಿಬಿದ್ದಿತು. ಅದನ್ನು ಮತ್ತೆ ಎತ್ತಿ ನೆಟ್ಟವರ ಶ್ರಮ ಸ್ತುತ್ಯವಾದುದು. ಅದು ಬೇರೆ ಮಾತು.

ಪತ್ರ ಬರೆದ ಮಹನೀಯರು ಷಿಕಾಗೋದಲ್ಲಿರುವುದರಿಂದ ಆ ನಗರದ ವಿಶ್ವವಿದ್ಯಾನಿಲಯದ ಕಥೆಯನ್ನೇ ಅವರಿಗೆ ನೆನಪು ಮಾಡಿಕೊಟ್ಟಿದ್ದೇನೆ. ಸ್ಟ್ಯಾಗ್ ಎಂಬ ಶಿಕ್ಷಕರು 1892ರಿಂದ 1932ರವರೆಗೆ ಅಲ್ಲಿಯ ತಂಡವನ್ನು ತಿದ್ದಿದರು. ಅವರ ಕಾಲದಲ್ಲಿ ಆ ತಂಡ ತನ್ನ ಪ್ರಾಂತದ ಸ್ಪರ್ಧೆಯನ್ನು ಏಳು ಸಲ ಗೆದ್ದಿತು. ಅವರು ಹೋದ ಮೇಲೆಯೂ, 1935ರಲ್ಲಿ ದೇಶದ ಶ್ರೇಷ್ಠ ಆಟಗಾರನಿಗೆ ಮೊತ್ತಮೊದಲು ಕೊಟ್ಟ ಹೈಸ್‌ಮನ್ ಪಾರಿತೋಷಕ ಅದೇ ತಂಡದ ಬರ್‌ವ್ಯಾಂಗರ್ ಎಂಬ ತರುಣನಿಗೆ ಸಂದಿತು. ಅದನ್ನು ನೋಡಿ ಭವಿಷ್ಯ ಹೇಳಿದವನು ಏನು ಹೇಳುತ್ತಿದ್ದನು? ನಾಲ್ಕೇ ವರ್ಷಗಳಲ್ಲಿ, 1939ರಲ್ಲಿ, ವಿಶ್ವವಿದ್ಯಾನಿಲಯದವರು ಆ ಆಟವನ್ನೇ ಕೈಬಿಟ್ಟರು. 1942ರ ಡಿಸೆಂಬರ್ 2ರಂದು ಅಲ್ಲಿಯ ಪ್ರೇಕ್ಷಕರ ಗ್ಯಾಲರಿಯ ಅಡಿಯಲ್ಲಿ ವಿಜ್ಞಾನಿಗಳು ಪರಮಾಣುವಿನ ಸರಪಳಿ ಕ್ರಿಯೆಯನ್ನು ನಡೆಸಿದರು. ಗ್ಯಾಲರಿಯಿಂದ ಲೋಕಕ್ಕೆ ಇಂಥ ಉಪಯೋಗವೂ ಆಗಬಹುದೆಂಬುದನ್ನು ನಾನು ಅಲ್ಲಗಳೆಯೆ. ಆಟಕ್ಕಂತೂ ಅದರಿಂದ ಆಸರೆಯಾಗಲಿಲ್ಲ.

ಅಷ್ಟು ದೂರವೇಕೆ? ನಮ್ಮ ಮೈಸೂರು ರಾಜ್ಯದ ಫುಟ್‌ಬಾಲ್ ತಂಡ 1946–47, 1952–53, 1967–68, 1968–69ರಲ್ಲಿ, ಹೀಗೆ ನಾಲ್ಕು ಸಲ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಕೊನೆಯ ಎರಡು ಗೆಲುವು ಬೆನ್ನು ಬೆನ್ನಿಗೆ. ಆಗ ಯಾರನ್ನು ಕೇಳಿದ್ದರೂ ಮುಂದಿನ ದಶಕ ನಮ್ಮದೇ ಎನ್ನುತ್ತಿದ್ದರು. ಐದನೆಯ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು, ದೂರದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದ ಬಳಿಕ ಅದು ಕೈಗೂಡಿತು.

ಹಾಗಾದರೆ ಭವಿಷ್ಯವನ್ನು ಹೇಳಲಾಗದೆ? ಹೇಳಬಹುದು, ಆದರೆ ನೋಡಬೇಕಾದ ಜಾಗ ಬೇರೆ. ನನ್ನ ಅನುಭವದಲ್ಲಿ ಒಂದು ಶಾಲೆಯ ಆಟದ ಮುಂದಿನ ಬಲವನ್ನು ತಿಳಿಯಬೇಕಾದರೆ ಸಂಜೆ ಶಾಲೆ ಬಿಟ್ಟ ಒಂದು ಗಂಟೆಯ ನಂತರ ಆ ಮೈದಾನಕ್ಕೆ ಹೋಗಿ ನಿಲ್ಲಬೇಕು. ಅಲ್ಲಿ ಯಾರಿದ್ದಾರೆ? ನಮ್ಮ ನಾಲ್ಕೂ ತಾಲೂಕುಗಳಲ್ಲಿ ಹಳ್ಳಿಯ ಮಕ್ಕಳನ್ನು ಆಳುವುದು ಸಂಜೆಯ ಬಸ್ಸು. ಕೊನೆಯ ಬಸ್ಸು ಐದೂವರೆಗೆ ಹೊರಟರೆ ಆ ಹಾದಿಯ ಹಳ್ಳಿಗಳ ಹುಡುಗರು ಎಷ್ಟೇ ಚುರುಕಾಗಿದ್ದರೂ ಆಟಗಾರರಾಗಲಾರರು. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಪ್ರಯಾಣ ಉಚಿತವಾದುದು ಒಳ್ಳೆಯದೇ ಆಯಿತು. ಆದರೆ ಚೀಟಿಯ ಹಣ ಉಳಿಯಿತೇ ಹೊರತು ಹೊತ್ತು ಉಳಿಯಲಿಲ್ಲ.

ನೆಲವೂ ನೋಡಬೇಕಾದುದೇ. ಪಂದ್ಯಗಳು ನಡೆಯುವುದು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರ್ ತಿಂಗಳುಗಳಲ್ಲಿ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಕಡೆ ಅವು ಕೆಸರಿನ ದಿನಗಳು. ಬತ್ತದ ಗದ್ದೆಗೂ ಮೈದಾನಕ್ಕೂ ಭೇದ ಕಾಣದು. ಸವಣೂರಿನ ಎರೆಭೂಮಿ ಮಳೆಗೆ ಕಾಲು ಹಿಡಿಯುತ್ತದೆ, ಬೇಸಗೆಗೆ ಬಿರಿಯುತ್ತದೆ. ಗರಸು ಮಣ್ಣನ್ನು ತಂದು ಹರಡದೆ ಅಲ್ಲಿ ಅಂಗಣವೆಂಬುದು ಆಗದು. ಹಿರೇಕೆರೂರಿನ ಕಡೆ ಬೀಜದ ಹತ್ತಿಯ ಕ್ರಾಸಿಂಗ್ ಕೆಲಸದ ಕಾಲವೂ ಪಂದ್ಯಗಳ ಕಾಲವೂ ಒಂದರ ಮೇಲೊಂದು ಬೀಳುವುದರಿಂದ, ಖೋ ಖೋ ಆಡಬೇಕಾದ ಹುಡುಗಿಯ ಕೈ ಹೂವಿನ ಮೇಲಿರುತ್ತದೆ. ಶಿಗ್ಗಾಂವಿ ಹೆದ್ದಾರಿಯ ಮೇಲಿನ ಊರು. ಅನುಕೂಲಸ್ಥರ ಮಕ್ಕಳು ಹುಬ್ಬಳ್ಳಿಯ ಕಡೆಗೂ ಹಾವೇರಿಯ ಕಡೆಗೂ ಬಸ್ಸು ಹತ್ತಿ ಹೋಗುತ್ತಾರೆ. ಇವೆಲ್ಲಕ್ಕೂ ಕಲಶವಿಟ್ಟಂತೆ ಇಂದಿನ ಕಬಡ್ಡಿಯ ದೊಡ್ಡ ಪಂದ್ಯಗಳು ಮಣ್ಣನ್ನು ಬಿಟ್ಟು ಮ್ಯಾಟಿನ ಮೇಲೆ ನಡೆಯುತ್ತವೆ. 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ನಮ್ಮ ಮಕ್ಕಳು ದೂರದರ್ಶನದಲ್ಲಿ ನೋಡುವುದು ಮ್ಯಾಟು, ಕಾಲಡಿಯಲ್ಲಿರುವುದು ಮಣ್ಣು.

ಆದರೂ ಈ ಎಲ್ಲ ಅಡ್ಡಿಗಳನ್ನು ಮೀರಿಸುವ ಒಂದು ಸಂಗತಿ ಉಂಟು. ಅದು ಡ್ರಿಲ್ ಮಾಸ್ತರರು. ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲೂಕಿನ ಕುರುಬೂರು ಒಂದು ಹಳ್ಳಿ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತ ಮಹಿಳಾ ತಂಡದಲ್ಲಿ ಆ ಹಳ್ಳಿಯ ಚೈತ್ರಾ ಆಡಿದರು. ಹಳ್ಳಿಯ ಶಾಲೆಯೊಂದರಲ್ಲಿ ಆಟ ಕಲಿಸುವವರು ನೆಲೆನಿಂತರೆ ಏನಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ನನಗೆ ಬೇಡ. ನಮ್ಮ ಅನುದಾನಿತ ಶಾಲೆಗಳಲ್ಲಾದರೋ ನಿವೃತ್ತರಾದ ದೈಹಿಕ ಶಿಕ್ಷಕರ ಸ್ಥಾನಗಳು ವರ್ಷಗಟ್ಟಲೆ ತೆರವಾಗಿಯೇ ಉಳಿಯುತ್ತವೆ. ಆ ಗಂಟೆಯನ್ನು ಗಣಿತದವರು ನುಂಗುತ್ತಾರೆ. ಸತ್ಯವನ್ನು ಹೇಳುವುದಾದರೆ, ನಾನೂ ಹಲವು ಸಲ ನುಂಗಿದ್ದೇನೆ.

ಈಗ ಪತ್ರದ ಪ್ರಶ್ನೆಗೆ ನನ್ನ ನೇರವಾದ ಉತ್ತರ. ಮುಂದಿನ ಹತ್ತು ವರ್ಷ ಈ ನಾಲ್ಕು ತಾಲೂಕುಗಳ ಢಾಲುಗಳು ಸರಕಾರದ ವಸತಿ ಶಾಲೆಗಳ ಪಾಲಾಗುವುವೆಂಬುದು ನನ್ನ ಎಣಿಕೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಮಗು ಆರನೆಯ ತರಗತಿಗೆ ಸೇರಿ ಹತ್ತನೆಯವರೆಗೆ ಅಲ್ಲಿಯೇ ಉಣ್ಣುತ್ತದೆ, ಅಲ್ಲಿಯೇ ಮಲಗುತ್ತದೆ. ನಮಗೆ ಮೂರು ವರ್ಷ, ಅವರಿಗೆ ಐದು. ನಮ್ಮ ಹುಡುಗನಿಗೆ ಬಸ್ಸುಂಟು, ಅವರ ಹುಡುಗನಿಗೆ ಬಸ್ಸಿಲ್ಲ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಐದು ವರ್ಷ. ಇಂಥವರೊಡನೆ ಗ್ಯಾಲರಿಯನ್ನು ಕಟ್ಟಿ ಸೆಣಸಲಾಗದು.

ಇದು ಹೊಸ ವಿದ್ಯೆಯೇನೂ ಅಲ್ಲ. ನಮ್ಮದೇ ಹಳೆಯ ವಿದ್ಯೆ. ಹಿಂದೆ ಮಠದ ಉಚಿತ ಪ್ರಸಾದನಿಲಯ ತುಂಬಿರುತ್ತಿದ್ದ ಕಾಲದಲ್ಲಿ ನಮ್ಮ ತಂಡದಲ್ಲಿ ಬಹುಮಂದಿ ನಿಲಯದ ಹುಡುಗರೇ ಇದ್ದರೆಂಬುದನ್ನು ಹಳೆಯ ವಿದ್ಯಾರ್ಥಿಗಳು ಬಲ್ಲರು. ನಸುಕಿನಲ್ಲಿ ಎದ್ದು ಸ್ನಾನಕ್ಕೆ ಮೊದಲು ಅಂಗಣದಲ್ಲಿ ಉರುಳಾಡಿ, ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆದಾಗ ಮೈಯ ಮಣ್ಣನ್ನು ಕೊಡವಿಕೊಂಡು ಓಡಿಬರುತ್ತಿದ್ದ ಆ ಹುಡುಗರಿಗೆ ಯಾರೂ ತರಬೇತಿ ಶಿಬಿರವನ್ನು ನಡೆಸಲಿಲ್ಲ. ಹೊತ್ತಿತ್ತು, ಹೊಟ್ಟೆಗಿತ್ತು, ನೋಡಿಕೊಳ್ಳುವ ಮಾಸ್ತರರಿದ್ದರು. ನಿಲಯದಲ್ಲಿ ತಟ್ಟೆಗಳು ಕಡಿಮೆಯಾದಂತೆ ವರದಿಯ ಕ್ರೀಡಾವಿಭಾಗವೂ ಕಿರಿದಾಗುತ್ತ ಬಂದುದನ್ನು ನಾನು ನನ್ನ ಕೈಯಾರೆ ಬರೆದಿದ್ದೇನೆ.

ಇದಕ್ಕೆ ಬೇರೊಂದು ಸುಲಭೋಪಾಯವನ್ನು ಸೂಚಿಸುವವರಿದ್ದಾರೆ: ಬೇರೆ ಶಾಲೆಗಳಲ್ಲಿ ಆಡಿ ಹೆಸರಾದ ಹುಡುಗರನ್ನು ಶುಲ್ಕವಿಲ್ಲದೆ ಕರೆತಂದು ಒಂಬತ್ತನೆಯ ತರಗತಿಗೆ ಸೇರಿಸಿಕೊಳ್ಳುವುದು. ಅಮೆರಿಕದಲ್ಲಿ 2021ರಿಂದ ಕಾಲೇಜಿನ ಆಟಗಾರರು ಒಂದು ವರ್ಷ ಕಾಯದೆ ಕಾಲೇಜನ್ನು ಬದಲಾಯಿಸಬಹುದು, ತಮ್ಮ ಹೆಸರಿನ ಮೇಲೆ ಹಣವನ್ನೂ ಗಳಿಸಬಹುದು. ಅದರಿಂದ ಅಲ್ಲಿಯ ಲೆಕ್ಕಿಗರಿಗೇ ಈಗ ಲೆಕ್ಕ ತಪ್ಪುತ್ತಿದೆಯೆಂದು ನಮ್ಮ ಮಿತ್ರರು ಬರೆದಿದ್ದಾರೆ. ಕರೆತಂದ ಹುಡುಗನಿಂದ ಒಂದು ಢಾಲು ಬರಬಹುದು. ಆದರೆ ನಮ್ಮದೇ ಎಂಟನೆಯ ತರಗತಿಯಲ್ಲಿ ಬೇಲಿಯಾಚೆ ನಿಂತು ತನ್ನ ಸರದಿಗಾಗಿ ಕಾಯುತ್ತಿದ್ದ ಹುಡುಗ ಅಂದಿನಿಂದ ಐದೂವರೆಯ ಬಸ್ಸಿಗೆ ಹೋಗಿಬಿಡುತ್ತಾನೆ. ಮರುವರ್ಷ ಕರೆದರೂ ಬರುವುದಿಲ್ಲ.

ಆದುದರಿಂದ ದಾನಿಗಳಲ್ಲಿ ನನ್ನ ಬಿನ್ನಹ ಹೀಗಿದೆ. ತೆರವಾದ ಸ್ಥಾನ ತುಂಬುವವರೆಗೆ ಒಬ್ಬ ದೈಹಿಕ ಶಿಕ್ಷಕರಿಗೆ ಮರ್ಯಾದೆಯ ಸಂಬಳವನ್ನು, ವರ್ಷವರ್ಷವೂ ಯಾಚಿಸಬೇಕಾಗದಂತೆ ಐದು ವರ್ಷಕ್ಕೆ ಒಮ್ಮೆಲೇ ಕಟ್ಟಿಕೊಡಿರಿ. ಪ್ರಸಾದನಿಲಯಕ್ಕೆ ಎಂಟನೆಯ ತರಗತಿಗೆ ಬದಲಾಗಿ ಆರನೆಯದರಿಂದಲೇ ಮಕ್ಕಳನ್ನು ಸೇರಿಸಿಕೊಳ್ಳಲು ಮಠದ ಹಿರಿಯರು ಒಪ್ಪುವುದಾದರೆ, ಹೆಚ್ಚುವ ಊಟದ ಖರ್ಚನ್ನು ಹಳೆಯ ವಿದ್ಯಾರ್ಥಿಗಳು ಹೊರಬೇಕು. ಹೆಣ್ಣುಮಕ್ಕಳಿಗೆ ನಿಲಯವಿಲ್ಲದಿರುವುದರಿಂದ ಪಂದ್ಯಗಳ ಎರಡು ತಿಂಗಳಾದರೂ ಅವರನ್ನು ಮನೆಗೆ ಮುಟ್ಟಿಸಲು ಒಂದು ವಾಹನ ಬೇಕು. ಅಂಗಣಕ್ಕೆ ಗರಸು ಮಣ್ಣನ್ನು ಊರಿನ ಟ್ರ್ಯಾಕ್ಟರಿನವರು ಕೇಳಿದರೆ ಕೊಟ್ಟಾರು. ಅದಕ್ಕೆ ಷಿಕಾಗೋದ ಹಣ ಬೇಡ. ಈ ವಿಷಯದಲ್ಲಿ ಶಿಕ್ಷಕ ಮಿತ್ರರಿಗೆ ಭಿನ್ನಾಭಿಪ್ರಾಯವಿದ್ದರೆ ಬರುವ ವರ್ಷದ ಸಂಚಿಕೆಯಲ್ಲಿ ಬರೆಯಲಿ. ನನ್ನ ಎಣಿಕೆ ತಪ್ಪಾದರೆ ಎರಡನೆಯ ಸಲ ಒಪ್ಪಿಕೊಳ್ಳಲು ಸಿದ್ಧನಿದ್ದೇನೆ.

ಇಷ್ಟನ್ನೂ ಆ ಮಹನೀಯರಿಗೆ ಬರೆದು ತಿಳಿಸಿದ್ದಾಗಿದೆ. ಅವರು ಕಳುಹಿಸಿದ ಗ್ಯಾಲರಿಯ ನಕ್ಷೆಯನ್ನು ಕಚೇರಿಯಲ್ಲಿ ಜೋಪಾನವಾಗಿ ಇಟ್ಟಿರಲು ಗುಮಾಸ್ತರಿಗೆ ಹೇಳಿದ್ದೇನೆ. ಡ್ರಿಲ್ ಮಾಸ್ತರರು ಬಂದ ಮೇಲೆ, ಅದು ಯಾವ ದಿಕ್ಕಿಗೆ ಮುಖ ಮಾಡಿರಬೇಕೆಂಬುದನ್ನು ಅವರನ್ನೇ ಕೇಳಬಹುದು.